ಅತ್ತೆಯ ದನಿಯ ‘ಬೇಡ’

ನನ್ನ ಅತ್ತೆ ತೆಪಾಯೆರು ಅವರ ದನಿ ನಮ್ಮ ಮನೆಯಲ್ಲಿ ಎರಡು ಕಡೆಯಿಂದ ಕೇಳಿಸುತ್ತದೆ. ಒಂದು ಅವರ ಬಾಯಿಂದ. ಇನ್ನೊಂದು ನನ್ನ ಮಗ ತುತೇರುವಿನ ಕೊರಳಲ್ಲಿ ಪಟ್ಟಿ ಕಟ್ಟಿ ತೂಗುಬಿಟ್ಟಿರುವ ಮಾತಿನ ಪೆಟ್ಟಿಗೆಯಿಂದ. ವ್ಯತ್ಯಾಸ ಇಷ್ಟೇ: ಪೆಟ್ಟಿಗೆಯ ದನಿಯ ಹಿಂದೆ ಹುಂಜ ಕೂಗುತ್ತಿರುತ್ತದೆ.

ತುತೇರುಗೆ ಏಳು ವರ್ಷ. ಕಿವಿ ಚುರುಕು, ಹೇಳಿದ್ದೆಲ್ಲ ತಿಳಿಯುತ್ತದೆ, ಬಾಯಿಂದ ಮಾತ್ರ ಮಾತು ಬರಲಿಲ್ಲ. ನಾವು ಆಕ್ಲೆಂಡಿನಲ್ಲಿದ್ದಾಗ ಅಲ್ಲಿನ ಮಾತು ಕಲಿಸುವ ಹುಡುಗಿ ಈ ಪೆಟ್ಟಿಗೆ ಕೊಡಿಸಿದಳು. ಪರದೆಯ ತುಂಬ ಚೌಕಗಳು. ಒಂದೊಂದರಲ್ಲೂ ಒಂದು ಚಿತ್ರ, ಒಂದು ಮಾತು. ಒತ್ತಿದರೆ ಪೆಟ್ಟಿಗೆ ಮಾತಾಡುತ್ತದೆ. “ಚೌಕಗಳ ಜಾಗ ಮಾತ್ರ ಬದಲಾಯಿಸಬೇಡಿ. ನಮ್ಮ ನಾಲಗೆಗೆ ಮಾತು ಗೊತ್ತಿರೋ ಹಾಗೆ ಅವನ ಬೆರಳಿಗೆ ಜಾಗ ಗೊತ್ತಾಗಬೇಕು” ಅಂದಿದ್ದಳು. ನಾನು ಮೊದಲೇ ಗಾಬರಿಯ ಹೆಂಗಸು. ಇದನ್ನು ಕೊಟ್ಟರೆ ಇವನು ಬಾಯಿ ಬಿಡುವುದನ್ನೇ ಮರೆತುಬಿಟ್ಟರೆ? ಹಾಗೆ ಆಗುವುದಿಲ್ಲ ಎಂದು ಅವಳು ಎಷ್ಟು ಸಲ ಹೇಳಿದಳೋ, ಅಷ್ಟು ಸಲ ಮನೆಗೆ ಬಂದು ಮೊಬೈಲಿನಲ್ಲಿ ಅದನ್ನೇ ಹುಡುಕಿ ಓದಿದ್ದೇನೆ.

ಗಂಡ ತಮತೋವಾಗೆ ಇಲ್ಲಿನ ಬಂದರಿನಲ್ಲಿ ಕೆಲಸ ಸಿಕ್ಕಿತು. ರಾರೋಟೊಂಗಾ ದ್ವೀಪದ ಅತ್ತೆಯ ಮನೆಗೆ ಬಂದು ಇಳಿದೆವು. ಮಾರನೆಯ ಬೆಳಿಗ್ಗೆ ತುತೇರು ಅಡುಗೆಮನೆಗೆ ಹೋಗಿ ಚೌಕ ಒತ್ತಿದ. ಪೆಟ್ಟಿಗೆ ಇಂಗ್ಲಿಷಿನಲ್ಲಿ ಬಾಳೆಹಣ್ಣು ಕೇಳಿತು. ಅತ್ತೆ ಸೌಟು ಹಿಡಿದೇ ತಿರುಗಿದರು.

“ಯಾರೇ ರೂತಾ ಇವಳು, ನನ್ನ ಅಡುಗೆಮನೇಲಿ ನಿಂತು ಬಾಳೆಹಣ್ಣು ಕೇಳೋ ಬಿಳೀ ಹೆಂಗಸು?”

“ಅದು ಪೆಟ್ಟಿಗೇದೇ ದನಿ ಅತ್ತೆ. ನಮ್ಮ ಭಾಷೆ ಅದಕ್ಕೆ ಬರಲ್ಲ.”

“ನನಗೆ ಬರುತ್ತಲ್ಲ! ನನ್ನ ಮೊಮ್ಮಗ ಹಸಿವಾಯ್ತು ಅನ್ನೋಕೆ ಯಾರ ಮನೆಯವಳನ್ನೋ ಕರ್ಕೊಂಡು ಬರಬೇಕಾ?”

ಅತ್ತೆ ಕಡಲ ಬದಿಯ ಹೋಟೆಲೊಂದರಲ್ಲಿ ಕೋಣೆ ಸ್ವಚ್ಛ ಮಾಡುವವರು. ಟವೆಲ್ ಮಡಚಿ ಹಕ್ಕಿ ಮಾಡುತ್ತಾರೆ, ಹಾಸಿಗೆಯ ಮೇಲೆ ಹೂವಿಡುತ್ತಾರೆ. ರಜೆಯ ದಿನ ಕರೆದರೂ ಹೋಗುತ್ತಾರೆ. ಚರ್ಚಿನವರು ಅಡುಗೆಗೆ ಕರೆದರೂ, ನೆರೆಯವರು ಕೂಸು ನೋಡಿಕೊಳ್ಳಲು ಕರೆದರೂ, ಆಕ್ಲೆಂಡಿನ ಅಣ್ಣ ಏನು ಕೇಳಿದರೂ “ಆಯ್ತು” ಅನ್ನುತ್ತಾರೆ. ಚಿಕ್ಕಂದಿನಲ್ಲಿ ಹೆತ್ತವರು ಸಾಕಲೆಂದು ಅಜ್ಜಿಯ ಮನೆಗೆ ಕೊಟ್ಟುಬಿಟ್ಟಿದ್ದ ಮಗು ಅವರು. ಕೊಟ್ಟಾಗ ಯಾರೂ ಅವರನ್ನು ಕೇಳಲಿಲ್ಲ, ಅವರೂ ಏನೂ ಅನ್ನಲಿಲ್ಲ. ಇದನ್ನು ನನಗೆ ಹೇಳಿದ್ದು ತಮತೋವಾ. ಅತ್ತೆ ಅದನ್ನು ಹೇಳುವ ಕಥೆ ಎಂದುಕೊಂಡೇ ಇಲ್ಲ.

ಹಾಗೆ ಜಗಲಿಯಲ್ಲಿ ಕೂತು ಒಂದೊಂದು ಚೌಕಕ್ಕೂ ಅವರು ತಮ್ಮ ದನಿ ತುಂಬಿದರು. ಹಸಿವು, ನೀರು, ಅಜ್ಜಿ, ಈಜು, ನಾಯಿ. ಹುಂಜಗಳನ್ನು ಎಷ್ಟು ಓಡಿಸಿದರೂ ಸರಿಯಾಗಿ ಗುಂಡಿ ಒತ್ತುವ ಹೊತ್ತಿಗೆ ಕೂಗುತ್ತಿದ್ದವು. “ಇರಲಿ ಬಿಡು, ಅವೂ ಈ ಮನೆಯವೇ” ಅಂದರು. ‘ಬೇಡ’ ಎಂಬುದರ ಸರದಿ ಬಂದಾಗ ಅವರ ದನಿ ಏಳಲೇ ಇಲ್ಲ. ಯಾರಿಗೋ ಕ್ಷಮೆ ಕೇಳುವ ಹಾಗೆ ಬರುತ್ತಿತ್ತು.

“ಗಟ್ಟಿಯಾಗಿ ಅತ್ತೆ. ನಾಯಿ ಮೀನಿಗೆ ಬಾಯಿ ಹಾಕ್ತಾ ಇದೆ ಅಂದ್ಕೊಳ್ಳಿ.”

“ಬೇಡ!” ಎಂದರು. ಅಂಗಳದ ನಾಯಿ ನಿಜವಾಗಿ ಎದ್ದು ಓಡಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅತ್ತೆ ಕಣ್ಣೊರೆಸಿಕೊಂಡು, “ಈ ವಯಸ್ಸಿನವರೆಗೆ ಯಾರಿಗೂ ಹೀಗಂದಿಲ್ಲ ಕಣೇ ನಾನು” ಎಂದರು.

‘ನನ್ನದು’ ಎಂಬ ಚೌಕಕ್ಕೆ ಮಾತ್ರ ತಕರಾರು ತೆಗೆದರು. “ಇದ್ಯಾಕೆ? ನಮ್ಮ ಮನೇಲಿ ಹಾಗೆ ಯಾರೂ ಅನ್ನಲ್ಲ. ಇರೋದೆಲ್ಲ ಎಲ್ಲರದ್ದೂ.” ನನ್ನ ಒತ್ತಾಯಕ್ಕೆ ಒಂದೇ ಸಲ, ಮೆಲ್ಲಗೆ, ಹೇಳಿ ಮುಗಿಸಿದರು.

ತುತೇರು ಆ ಪೆಟ್ಟಿಗೆಯೊಂದಿಗೆ ಬೆಳೆದ ರೀತಿ ನೋಡಬೇಕಿತ್ತು. ಮೊದಲೆಲ್ಲ ಬೇಡದ್ದು ಎದುರಾದರೆ ನೆಲಕ್ಕೆ ಬಿದ್ದು ತಲೆ ಬಡಿದುಕೊಳ್ಳುತ್ತಿದ್ದ. ಈಗ ಬೆರಳು ಮೇಲಿನ ಮೂಲೆಗೆ ಹೋಗುತ್ತದೆ, ಅಜ್ಜಿಯ ದನಿ “ಬೇಡ!” ಅನ್ನುತ್ತದೆ, ನಾವು ಬಿಡುತ್ತೇವೆ, ಅಲ್ಲಿಗೆ ಮುಗಿಯಿತು. ತಲೆಯ ಮೇಲಿನ ಗಾಯದ ಕಲೆಗಳು ಮಾಸಿದವು.

ಆದರೆ ಒಂದು ಭಾನುವಾರ ಪಾದ್ರಿ ಊಟಕ್ಕೆ ಬಂದರು. ಅವರ ಪ್ರಾರ್ಥನೆ ಉದ್ದ. ಗೆಣಸು ಆರುತ್ತಿತ್ತು. ನಡುವೆ ಹುಂಜದ ಕೂಗಿನೊಂದಿಗೆ ಅತ್ತೆಯ ದನಿ “ಬೇಡ!” ಎಂದಿತು. ಪಾದ್ರಿ ಕಣ್ಣು ತೆರೆದು ಅತ್ತೆಯನ್ನೇ ನೋಡಿದರು. ಆಮೇಲೆ ವಿಷಯ ತಿಳಿದು ನಕ್ಕರು, ನಾವೂ ನಕ್ಕೆವು. ಅತ್ತೆ ನಗಲಿಲ್ಲ. ಕಿವಿಯ ತುದಿವರೆಗೂ ಕೆಂಪಾಗಿದ್ದರು.

ಅದರ ಹಿಂದೆಯೇ ಕೂದಲು ಕತ್ತರಿಸುವ ಹಬ್ಬದ ದಿನ ಗೊತ್ತಾಯಿತು. ನಮ್ಮ ಗಂಡುಮಕ್ಕಳ ತಲೆಗೆ ಹುಟ್ಟಿದಂದಿನಿಂದ ಕತ್ತರಿ ತಾಗಿಸುವುದಿಲ್ಲ. ಆ ದಿನ ಬಂದಾಗ ಕೂದಲನ್ನು ಎಳೆಎಳೆಯಾಗಿ ರಿಬ್ಬನ್ನಿನಲ್ಲಿ ಕಟ್ಟಿ ಕುರ್ಚಿಯಲ್ಲಿ ಕೂರಿಸುತ್ತೇವೆ. ಬಂಧುಗಳು ಒಬ್ಬೊಬ್ಬರಾಗಿ ಬಂದು ಒಂದೊಂದು ಎಳೆ ಕತ್ತರಿಸಿ ತಮ್ಮ ಮನೆಗೆ ಒಯ್ಯುತ್ತಾರೆ. ತುತೇರು ತೊಟ್ಟಿಲಲ್ಲಿದ್ದಾಗಲೇ ಆ ಕುರ್ಚಿಗೆ ಹೊದೆಸುವ ಹೂವಿನ ಕೌದಿಯನ್ನು ಅತ್ತೆ ಹೊಲಿಯಲು ಕೂತಿದ್ದರು. ಅವರ ಅಣ್ಣ ಅಪೋರೊ ಸಂಸಾರ ಸಮೇತ ಆಕ್ಲೆಂಡಿನಿಂದ ಬರುವವರಿದ್ದರು.

ತುತೇರುಗೆ ತಲೆ ಮುಟ್ಟಿದರೆ ಸಹಿಸದು. ನಾನು ಬಾಚುವಾಗಲೂ ನೂರು ಸಲ ಕೇಳಿ, ಹಾಡಿ, ಬಾಚಬೇಕು. ರಾತ್ರಿ ಗಂಡನ ಹತ್ತಿರ, “ಅವನು ತಡೆಯಲ್ಲ ಕಣ್ರೀ” ಅಂದೆ. “ಅಮ್ಮನಿಗೆ ನೀನೇ ಹೇಳು” ಅಂದರು. “ನೀವೇ ಹೇಳಿ” ಅಂದೆ. ಯಾರೂ ಹೇಳಲಿಲ್ಲ.

ಅದೇ ವಾರ ಅತ್ತೆ ಕೇಳಿದರು, “ರೂತಾ, ಆವತ್ತು ನೆರೆಮನೆ ಹುಡುಗರು ಪೆಟ್ಟಿಗೇಲಿ ಏನೋ ಕೆಟ್ಟ ಮಾತು ತುಂಬಿಟ್ಟಿದ್ರಲ್ಲ, ಅದನ್ನ ಹ್ಯಾಗೆ ಮುಚ್ಚಿದೆ?” ನಾನು ಟಾರೋ ಗೆಡ್ಡೆಯ ಸಿಪ್ಪೆ ತೆಗೆಯುತ್ತಲೇ ತೋರಿಸಿಕೊಟ್ಟೆ. ಯಾಕೆ ಎಂದು ಕೇಳಲಿಲ್ಲ.

ಹಬ್ಬದ ದಿನ ಅಂಗಳದ ತುಂಬ ಜನ. ಮಣ್ಣಿನ ಒಲೆಯಲ್ಲಿ ಹಂದಿ, ತೆಂಗಿನ ಹಾಲಿನಲ್ಲಿ ಹಸಿ ಮೀನು, ಎಲ್ಲರ ತಲೆಯ ಮೇಲೂ ಹೂವಿನ ಕಿರೀಟ. ತುತೇರು ಕೌದಿಯ ಮೇಲೆ ಕೂತಿದ್ದ, ಬೆನ್ನವರೆಗಿನ ಕೂದಲ ತುಂಬ ಹಳದಿ ರಿಬ್ಬನ್. ರಿಬ್ಬನ್ ಕಟ್ಟುವಾಗ ಹಾಡಿ ಹಾಡಿ ನನ್ನ ಗಂಟಲು ಕಟ್ಟಿತ್ತು. ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ನಾನು ಹಿಂದೆ ನಿಂತು ಅವನ ಭುಜ ಹಿಡಿದಿದ್ದೆ.

ಮೊದಲ ಎಳೆ ಅಜ್ಜಿಯದು. ಅತ್ತೆ ಕತ್ತರಿ ತಂದದ್ದೇ ತುತೇರುವಿನ ಮೈ ಬಿಗಿಯಾಯಿತು. ಬೆರಳು ಮೇಲಿನ ಮೂಲೆಗೆ ಹೋಗಿ ಒತ್ತಿತು. ಸದ್ದಿಲ್ಲ. ಮತ್ತೆ ಒತ್ತಿತು. ಉಗುರು ಗಾಜಿಗೆ ಬಡಿಯುವ ಟಕ್ ಟಕ್ ಮಾತ್ರ.

“ಪೆಟ್ಟಿಗೆ ಕೆಟ್ಟಿತೇನಮ್ಮಾ?” ಎಂದರು ಮುಂದೆ ಕೂತಿದ್ದ ಅಪೋರೊ.

“ಚಾರ್ಜ್ ಹೋಗಿರಬೇಕು ಮಾವ” ಅಂದೆ. ನನಗಾಗ ಕಾಣುತ್ತಿದ್ದದ್ದು ಜನರ ಕಣ್ಣುಗಳಷ್ಟೇ. ಆಕ್ಲೆಂಡಿನ ಅತ್ತಿಗೆಯರು ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಅಂದರು. ನಾನು ಬಗ್ಗಿ, “ಸುಮ್ನೆ ಕೂತ್ಕೋ ಕಂದ, ಎಲ್ಲರೂ ನೋಡ್ತಿದ್ದಾರೆ” ಎಂದೆ. ಭುಜದ ಹಿಡಿತ ಇನ್ನಷ್ಟು ಬಿಗಿ ಮಾಡಿದೆ. ಕತ್ತರಿ ಕಚಕ್ ಎಂದಿತು. ಉಕುಲೆಲೆ ಬಾರಿಸಿದರು, ಜನ ಚಪ್ಪಾಳೆ ತಟ್ಟಿದರು. ಅತ್ತೆಯ ಕೈಯಲ್ಲಿ ಹಳದಿ ರಿಬ್ಬನ್ನಿನ ಕಪ್ಪು ಎಳೆ.

ಅಪೋರೊ ಎದ್ದು ಬಂದು ಕತ್ತರಿ ತೆಗೆದುಕೊಂಡರು. “ಬಾ ಮೊಮ್ಮಗನೇ, ಇವತ್ತು ನಿನ್ನ ಗಂಡಸು ಮಾಡ್ತೀನಿ!” ಜನ ನಕ್ಕರು.

ಟಕ್ ಟಕ್ ಟಕ್. ಆಗ ನಾನು ಪರದೆ ನೋಡಿದೆ. ಚಾರ್ಜ್ ಇತ್ತು. ಎಲ್ಲ ಚೌಕಗಳೂ ಬೆಳಗುತ್ತಿದ್ದವು. ಮೇಲಿನ ಮೂಲೆಯದೊಂದು ಮಾತ್ರ ಬರಿದು.

ನನಗೆ ಅರ್ಥವಾಯಿತು. ಅತ್ತೆಯ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು. ಬಾಯಿ ತೆರೆದು ಹೇಳಬೇಕಿತ್ತು. ಆದರೆ ಅಷ್ಟು ಜನರ ನಡುವೆ ನನ್ನ ತಲೆಗೆ ಬಂದದ್ದು, ಬೇಗ ಬೇಗ ಕತ್ತರಿಸಿ ಮುಗಿಸಿಬಿಡಲಿ ಎಂಬುದೊಂದೇ.

ತುತೇರು ಬೆರಳನ್ನು ಗಾಜಿನಿಂದ ಎತ್ತಿದ. ಕುರ್ಚಿಯ ಪಕ್ಕ ನಿಂತಿದ್ದ ಅಜ್ಜಿಯತ್ತ ಕೈ ಚಾಚಿದ. ಅವರ ತುಟಿಗಳ ಮೇಲೆ ಆ ಬೆರಳನ್ನಿಟ್ಟು ಒತ್ತಿದ. ಚೌಕವನ್ನು ಒತ್ತುವ ಹಾಗೆಯೇ. ಕಾದ. ಮತ್ತೆ ಒತ್ತಿದ.

ಆ ದನಿ ಎಲ್ಲಿಂದ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಅತ್ತೆ ಅಣ್ಣನತ್ತ ತಿರುಗಿದರು. “ಅಣ್ಣ, ನಿಲ್ಲು” ಎಂದರು. ಪೆಟ್ಟಿಗೆ ಎತ್ತಿಕೊಂಡು, ನಾನು ಕಲಿಸಿಕೊಟ್ಟಂತೆಯೇ ಒಂದೊಂದಾಗಿ ಒತ್ತುತ್ತಾ ಹೋದರು. ಬೆರಳು ತಪ್ಪುತ್ತಿತ್ತು, ಮತ್ತೆ ಮೊದಲಿಂದ. ಉಕುಲೆಲೆ ನಿಂತಿತ್ತು. ಕೊನೆಗೆ ಮೂಲೆಯ ಚೌಕ ಬೆಳಗಿತು. ಪೆಟ್ಟಿಗೆಯನ್ನು ಅವನ ತೊಡೆಯ ಮೇಲಿಟ್ಟು ಕೇಳಿದರು.

“ಕತ್ತರಿಸಲಾ ಮಗನೇ?”

“ಬೇಡ!” ಎಂದಿತು ಅವರದೇ ದನಿ, ಅವರಿಗೇ. ಪೆಟ್ಟಿಗೆಯ ಹುಂಜ ಕೂಗಿದ್ದಕ್ಕೆ ಬೇಲಿಯ ಹುಂಜ ಉತ್ತರ ಕೊಟ್ಟಿತು. ಹಿಂದೆ ಯಾರೋ ಕಿಸಕ್ಕೆಂದು ನಕ್ಕು ತಡೆದುಕೊಂಡರು.

“ಏನೇ ಇದು ತೆಪಾಯೆರು?” ಅಪೋರೊ ಕತ್ತರಿ ಆಡಿಸುತ್ತಾ ಅಂದರು. “ಸಮುದ್ರ ದಾಟಿ ಬಂದಿದ್ದು ಒಂದು ಡಬ್ಬಿ ಕೈಲಿ ಬೇಡ ಅನ್ನಿಸ್ಕೊಳ್ಳೋಕಾ? ಮಕ್ಕಳನ್ನ ಕೇಳಿ ಮಾಡೋ ಹಬ್ಬಾನಾ ಇದು? ನಮ್ಮನ್ನ ಯಾರು ಕೇಳಿದ್ರು?”

“ಯಾರೂ ಕೇಳ್ಲಿಲ್ಲ ಅಣ್ಣ” ಎಂದರು ಅತ್ತೆ. ದನಿ ಏಳುತ್ತಿರಲಿಲ್ಲ. “ಡಬ್ಬಿ ಕೆಟ್ಟಿರಲಿಲ್ಲ. ಬೆಳಿಗ್ಗೆ ನಾನೇ ಅವನ ಮಾತು ಮುಚ್ಚಿಟ್ಟಿದ್ದೆ. ನಿಮ್ಮೆಲ್ಲರ ಮುಂದೆ ನನ್ನ ಮರ್ಯಾದೆ ಹೋಗುತ್ತೆ ಅಂತ.” ಹೂವಿನ ಕಿರೀಟ ತೆಗೆದು ಅದರಲ್ಲೇ ಮುಖ ಮುಚ್ಚಿಕೊಂಡರು. ನಾನು ತುತೇರುವಿನ ಭುಜದಿಂದ ಕೈ ತೆಗೆದೆ. ಅವನ ಚರ್ಮದ ಮೇಲೆ ನನ್ನ ಬೆರಳುಗಳ ಗುರುತಿತ್ತು.

ಅಪೋರೊ ಕತ್ತರಿಯನ್ನು ಕುರ್ಚಿಯ ತೋಳಿನ ಮೇಲಿಟ್ಟು ಹೋಗಿ ವ್ಯಾನಿನಲ್ಲಿ ಕೂತರು. ಉಳಿದವರು ಊಟ ಮಾಡಿದರು. ಯಾರೋ “ಮೀನು ಚೆನ್ನಾಗಿದೆ” ಅಂದರು, ಇನ್ನೊಬ್ಬರು “ಹೌದು ಹೌದು” ಅಂದರು. ಅತ್ತೆ ಅಣ್ಣನಿಗೆ ತಟ್ಟೆ ತುಂಬಿ ವ್ಯಾನಿನ ಹತ್ತಿರ ಒಯ್ದರು. ಗಾಜು ಇಳಿಯಲಿಲ್ಲ. ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು, ಮೀನಿನ ಮೇಲೆ ನೊಣ ಕೂರುವವರೆಗೆ.

ಆಮೇಲಿನ ಭಾನುವಾರ ಅತ್ತೆ ಬಿಳಿ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಚರ್ಚಿಗೆ ಬಂದರು. ಪಕ್ಕದಲ್ಲಿ ತುತೇರು, ಬೆನ್ನ ತುಂಬ ಕೂದಲು, ಕಿವಿಯ ಹತ್ತಿರ ಮಾತ್ರ ಮೋಟು. ಹೆಂಗಸರು ಆ ಮೋಟನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು, ಆಮೇಲೆ ನನ್ನನ್ನು. ಹಾಡುವಾಗ ಅತ್ತೆಯ ದನಿಯೇ ಕೇಳಲಿಲ್ಲ.

ಆ ಎಳೆಯನ್ನು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ಕತ್ತರಿಸಿದವರೇ ಇಟ್ಟುಕೊಳ್ಳುವುದು ನಮ್ಮ ರೂಢಿ. ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ, ಬಿಸಾಡಲು ಕೈ ಬರಲಿಲ್ಲ. ಫ್ರಿಜ್ಜಿನ ಮೇಲಿನ ಬೋಗುಣಿಯಲ್ಲಿ ಬಿದ್ದಿತ್ತು. ಆ ಕಡೆ ಹೋದಾಗಲೆಲ್ಲ ಅತ್ತೆ ಮುಖ ತಿರುಗಿಸುತ್ತಿದ್ದರು.

ಮೊನ್ನೆ ನಾನು ಒಲೆಯ ಮುಂದಿದ್ದೆ. ಅತ್ತೆ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದರು. ತುತೇರು ಸ್ಟೂಲು ಎಳೆದು ಹತ್ತಿ ಬೋಗುಣಿ ಇಳಿಸಿದ. ರಿಬ್ಬನ್ನಿನ ಎಳೆ ತೆಗೆದು, ಕಿವಿಯ ಹತ್ತಿರದ ಮೋಟಿಗೆ ಹಿಡಿದು ನೋಡಿದ. ಅದನ್ನು ಅಜ್ಜಿಯ ಮುಂದೆ ಹಿಡಿದು ಚೌಕವೊಂದನ್ನು ಒತ್ತಿದ. ಈ ಮನೆಗೆ ಬಂದಮೇಲೆ ಅವನು ಒಂದು ಸಲವೂ ಒತ್ತದ ಚೌಕ.

“ನನ್ನದು” ಎಂದಿತು ಅತ್ತೆಯ ಮೆಲುದನಿ.

ಅತ್ತೆ ಚಾಚಿದ್ದ ಕಾಲು ಮಡಚಿಕೊಂಡರು. ಅವನನ್ನು ನೋಡಲಿಲ್ಲ.

“ಹೌದಪ್ಪ” ಎಂದರು, ತಮ್ಮ ಕೈಗಳನ್ನೇ ನೋಡುತ್ತಾ. “ನಿನ್ನದೇ. ಕೇಳದೆ ತಗೊಂಡುಬಿಟ್ಟೆ.”

ಅವನು ಎಳೆಯನ್ನು ಚಡ್ಡಿಯ ಜೇಬಿಗೆ ತುರುಕಿಕೊಂಡು ಬಾಳೆಹಣ್ಣು ಕೇಳಿದ.