ತಾರಸಿಯ ಆಂಟೆನಾ, ಕೆಳಗಿನ ಲೋಟ

ಗಂಟಲಿನ ಆಪರೇಷನ್ ಆಗಿ ಧ್ವನಿ ಹೋದ ಮೇಲೆ ನನ್ನ ಗಂಡ ಕೇಳಿದ್ದು ಒಂದೇ. ಟೀವಿಯಲ್ಲಿ ಸಂಜೆಯ ಕೃಷಿ ಕಾರ್ಯಕ್ರಮ. ಕೇಳಿದ್ದು ಎಂದರೆ, ಟೀವಿ ಕಡೆ ಕೈ ತೋರಿಸಿ ರಾಗಿ ಬಿತ್ತುವ ಹಾಗೆ ಬೆರಳಾಡಿಸಿದ್ದು. ಗೊಟ್ಟಿಗೆರೆಯ ಹೊಲದಲ್ಲಿ ಬೆಳೆದವರು. ಸುದ್ದಗುಂಟೆಪಾಳ್ಯದ ನಮ್ಮ ಮನೆಯಲ್ಲಿ ತುಳಸಿ ಕುಂಡ ಬಿಟ್ಟರೆ ಮಣ್ಣೇ ಇಲ್ಲ. ಧಾರಾವಾಹಿಗಳ ಅಳು ತಡೆಯಲಾರದೆ ಕೇಬಲ್ ಕೀಳಿಸಿದ್ದವಳು ನಾನೇ. ಸರ್ಕಾರದ ಚಾನೆಲ್ ಆಂಟೆನಾದಲ್ಲೂ ಬರುತ್ತದೆ ಎಂದು ಮೊಮ್ಮಗಳು ಹೇಳಿದಳು. ಡಾಕ್ಟರು ಹೆಚ್ಚು ದಿನ ಕೊಟ್ಟಿರಲಿಲ್ಲ. ಅವತ್ತೇ ಅಂಗಡಿಗೆ ಹೋದೆ.

ಅಂಗಡಿಯವನು ಎರಡು ತೋರಿಸಿದ. ಒಂದು ಟೀವಿ ಪಕ್ಕ ಇಡುವ, ಅಂಗೈಯಗಲದ್ದು. ಇನ್ನೊಂದು ತಾರಸಿಗೆ ಹಾಕುವ, ಮೀನಿನ ಮುಳ್ಳಿನಂಥದ್ದು.

“ಮನೆ ಮುಂದೆ ದೊಡ್ಡ ಬಿಲ್ಡಿಂಗ್ ಇದ್ಯಾ ಆಂಟಿ?”

“ಬಿಸಿಲೇ ಬರಲ್ಲ ಕಣಪ್ಪ, ಸಿಗ್ನಲ್ ಎಲ್ಲಿಂದ ಬರತ್ತೆ?”

“ಹಂಗಾದ್ರೆ ಒಳಗಿಡೋದು ಆಗಲ್ಲ, ಮೇಲಿಂದೇ ತಗೊಳ್ಳಿ. ಆದ್ರೆ ಗಾಳಿಗೆ ತಿರುಗತ್ತೆ. ಒಬ್ರು ಮೇಲೆ ಸರಿ ಮಾಡ್ಬೇಕು, ಒಬ್ರು ಕೆಳಗಿಂದ ಕೂಗ್ಬೇಕು.”

ಅದು ನನಗೆ ಗೊತ್ತಿಲ್ಲವೇ? ಹಿಂದೆಲ್ಲ ಅವರು ಮೇಲೆ ತಿರುಗಿಸುತ್ತಿದ್ದರು, ನಾನು ಕಿಟಕಿಯಿಂದ “ಬಂತು, ಬಂತು, ಅಯ್ಯೋ ಹೋಯ್ತು” ಎಂದು ಕೂಗುತ್ತಿದ್ದೆ. ಇಡೀ ಬೀದಿ ಹಾಗೇ ಕೂಗುತ್ತಿತ್ತು. ಮೇಲಿನದನ್ನೇ ಕೊಂಡೆ.

ಅವನು ಬಂದು ಕಂಬ ಕಟ್ಟಿ, ತಂತಿ ಎಳೆದು ಹೋದ. ಮಾರನೆಯ ದಿನವೇ ಗಾಳಿಗೆ ತಿರುಗಿತು. ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ನಾನು ಹತ್ತಿ, ಕಂಬ ಹಿಡಿದು, ಹಳೇ ಅಭ್ಯಾಸಕ್ಕೆ “ಬಂತೇನ್ರೀ?” ಎಂದು ಕೂಗಿದೆ. ಕೂಗಿದ ಮೇಲೆ ನೆನಪಾಯಿತು. ಇಳಿದು ಬಂದು ಅವರ ಕೈಗೆ ಸ್ಟೀಲ್ ಲೋಟ, ಚಮಚ ಕೊಟ್ಟೆ.

“ಚಿತ್ರ ಬಂದ್ರೆ ಬಡೀರಿ.”

ಮತ್ತೆ ಹತ್ತಿ ಸ್ವಲ್ಪ ತಿರುಗಿಸುವಷ್ಟರಲ್ಲಿ ಟಣ್ ಟಣ್. ಮಂಡಿ ಹಿಡಿದುಕೊಂಡು ಇಳಿದೆ. ಟೀವಿಯಲ್ಲಿ ಅದೇ ಚೌಕಗಳು.

“ಎಲ್ರೀ ಬಂದಿದೆ? ಕಣ್ಣೂ ಹೋಯ್ತಾ? ಹತ್ತಿ ಇಳಿಯಕ್ಕೆ ನಾನೇನು ಕೋತೀನಾ?”

ಅವರು ಮಂಚದ ಮೇಲೆ ತಮ್ಮ ಪಕ್ಕದ ಜಾಗ ತಟ್ಟಿದರು, ಕೂತ್ಕೋ ಅಂತ. ಸದ್ದಿಲ್ಲದೆ ನಗುತ್ತಿದ್ದರು. ಭುಜ ಮಾತ್ರ ಕುಣಿಯುತ್ತಿತ್ತು.

ಕೂತೆ. ಇಬ್ಬರೂ ಆ ಒಡೆದ ಚಿತ್ರವನ್ನೇ ನೋಡಿದೆವು. ಆಮೇಲೆ ದಿನಾ ಸಂಜೆ ಹೀಗೇ. ನಾನು ಹತ್ತುವುದು, ಅವರು ಸುಳ್ಳು ಸುಳ್ಳೇ ಬಡಿಯುವುದು, ನಾನು ಬೈದುಕೊಂಡು ಇಳಿಯುವುದು. ಅಂಗಡಿಯವನನ್ನು ಕರೆಸಬಹುದಿತ್ತು. ಕರೆಸಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.

ತಿಥಿ ಕಳೆದ ಮೇಲೆ, ಮನೆ ಬಿಕೋ ಅನ್ನುತ್ತಿದೆ ಎಂದು ಮೊಮ್ಮಗಳು ಟೀವಿ ಹಾಕಿದಳು. ಚೌಕಗಳೇ. ನಾನು ಮೇಲೆ ಹೋಗಿ ತಿರುಗಿಸಿದೆ.

“ಬಂತು ಅಜ್ಜಿ! ಸಖತ್ತಾಗ್ ಬಂತು! ಇಳ್ದು ಬಾ!”

ಲೋಟದ ಸದ್ದಿಗೆ ಇಳಿಯುತ್ತಿದ್ದೆನೇ ಹೊರತು, ಚಿತ್ರ ಬಂತೆಂದು ನಾನು ಯಾವತ್ತು ಇಳಿದಿದ್ದೆ? ಕಂಬ ಹಿಡಿದುಕೊಂಡು ಅಲ್ಲೇ ನಿಂತೆ. ಕೆಳಗೆ ಟೀವಿಯಲ್ಲಿ ಯಾರೋ ರಾಗಿ ಬಿತ್ತನೆಯ ಬಗ್ಗೆ ಹೇಳುತ್ತಿದ್ದರು. ಒಂದೊಂದು ಮಾತೂ ಮೇಲಿನವರೆಗೆ ಕೇಳುತ್ತಿತ್ತು.