ಕುಸುಮಾಬಾಯಿ ಹೇಳಿದ ಸಬಕಾರದ ಮಾತು

ಅಕ್ಕೋಳದ ಓಣಿಗಳಲ್ಲಿ ನರ್ಸ್ ಕುಸುಮಾಬಾಯಿ ದಿನಕ್ಕೆ ಹತ್ತು ಸಲವಾದರೂ ಹಣೆ ಚಚ್ಚಿಕೊಳ್ಳುತ್ತಿದ್ದಳು. ಮೊದಲ ಹಾಲು ಹಿಂಡಿ ಚೆಲ್ಲಬೇಡಿ ಎಂದರೆ ಚೆಲ್ಲುತ್ತಿದ್ದರು. ಹೊಕ್ಕುಳಿಗೆ ಬೂದಿ ಬೇಡ ಎಂದರೆ, ಅವಳು ಹೊಸ್ತಿಲು ದಾಟುವವರೆಗೆ ಕಾದು ಹಚ್ಚುತ್ತಿದ್ದರು. ರಾಯಬಾಗ ಕಡೆಯ ಹಳ್ಳಿಯವಳು, ಮನೆತನದಲ್ಲೇ ಮೊದಲು ಮೆಟ್ರಿಕ್ ಪಾಸಾದವಳು. ಆರು ವರ್ಷ ಈ ಊರಿಗೆ ಹೇಳಿ ಹೇಳಿ ಅವಳ ಗಂಟಲು ಹರಿದಿತ್ತು.

ಒಂದು ಮಾತನ್ನು ಮಾತ್ರ ಊರು ಕೇಳಿತ್ತು. ಎರಡು ವರ್ಷದ ಹಿಂದೆ, ತಂಬಾಕಿನ ಸುಗ್ಗಿಯಲ್ಲಿ, ಎಲೆ ಬಿಡಿಸಿದ ಕೈಯಲ್ಲೇ ತಾಯಂದಿರು ಕೂಸಿಗೆ ಹಾಲು ಕುಡಿಸುವುದನ್ನು ಕಂಡು ಅವಳು ಹೆಂಗಸರನ್ನೆಲ್ಲ ಕಟ್ಟೆಗೆ ಕರೆದಿದ್ದಳು. ‘ಕುಡಸೂ ಮದ್ಲ ಕೈಯೂ ತೊಳೀರಿ, ಎದೀನೂ ತೊಳೀರಿ, ಸಬಕಾರ ಹಚ್ಚಿ’ ಎಂದಿದ್ದಳು. ಸಾಬೂನಿನ ಈ ಮಾತನ್ನು ತರಬೇತಿಯಲ್ಲಿ ಹಾಗೆಯೇ ಬರೆಸಿದ್ದರು.

ಸೂಲಗಿತ್ತಿ ಕೆಂಚವ್ವ ಹಿಂದಿನಿಂದ ಕೂಗಿದ್ದಳು: “ಎದಿ ಏನ ಹಿತ್ತಾಳಿ ತಂಬಿಗೀನ ಬಾಯಾರ, ತಿಕ್ಕಿ ತಿಕ್ಕಿ ತೊಳ್ಯಾಕ?”

ಹೆಂಗಸರು ನಕ್ಕರು. ಕುಸುಮಾಬಾಯಿಗೆ ಮೈಯೆಲ್ಲ ಉರಿಯಿತು. “ಅಜ್ಜಿ, ಸುಮ್ಕಿರು. ಸಾಲಿ ಕಲ್ತಾಕಿ ನಾನೋ ನೀನೋ?”

ಅದು ಎಂಬತ್ತೈದರ ಮಾತು. ಎಂಬತ್ತೇಳರಲ್ಲಿ, ಸೋನಾಬಾಯಿಯ ಸೊಸೆ ಸುಗಂಧಾಳ ಎರಡನೆಯ ಬಾಣಂತನದ ಹನ್ನೆರಡನೆಯ ದಿನ, ಅವಳ ಗಂಡ ಉತ್ತಮನು ಸೈಕಲ್ ಮೇಲೆ ಕುಸುಮಾಬಾಯಿಯ ಬಾಗಿಲಿಗೆ ಬಂದು ನಿಂತ.

“ಬಾಯಾರ, ಆಕಿ ಕುಡಸಾಕ ಒಲ್ಲೆ ಅಂತಾಳ್ರಿ. ತೊಟ್ಟ ಸೀಳ್ಯಾವು, ರಕ್ತ ಬರ್ತೈತಿ. ಬಾಟ್ಲಿ ತಂದೀನಿ. ಹೆಂಗ ಕುಡಸೂದು ಹೇಳ್ರಿ.”

ಬಾಟಲಿ ಎಂದ ಕೂಡಲೇ ಕುಸುಮಾಬಾಯಿ ಚೀಲ ಹೆಗಲಿಗೇರಿಸಿದಳು. ಅವರ ಮೊದಲ ಮಗು ಬಾಟಲಿ ಹಾಲು ಕುಡಿದು ಒಂದು ಮಳೆಗಾಲವಿಡೀ ಭೇದಿಯಲ್ಲಿ ಬಳಲಿ, ಎಲುಬಿನ ಹಂದರವಾಗಿ ಬದುಕಿದ್ದನ್ನು ಅವಳೇ ಕಂಡಿದ್ದಳು. ಈ ಕೂಸಿಗೂ ಅದೇ ಗತಿ ಬಂದರೆ?

ಬಾಣಂತಿ ಕೋಣೆಯಲ್ಲಿ ಸುಗಂಧಾ ಹೊರಸಿನ ಮೇಲೆ ಕುಪ್ಪಸ ತಾಗದಂತೆ ಮುಂದೆ ಬಾಗಿ ಕೂತಿದ್ದಳು. ಮೂಲೆಯಲ್ಲಿ ಕೆಂಚವ್ವ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಕುಸುಮಾಬಾಯಿಯ ಸಿಟ್ಟು ನೇರ ಅತ್ತ ಹರಿಯಿತು.

“ಏನ ಹಚ್ಚೀರಿ ಇದಕ್ಕ?”

“ಬೆಣ್ಣಿ” ಎಂದಳು ಪಕ್ಕದಲ್ಲಿ ಕೂತಿದ್ದ ಅತ್ತೆ ಸೋನಾಬಾಯಿ.

“ಅದಕ್ಕೂ ಮದ್ಲ?”

“ಅರಿಷಿಣ.”

“ಅದಕ್ಕೂ ಮದ್ಲ?”

“ಏ, ಬಾಜೂ ಮನಿಯಾಕಿ ಏನೋ ಒಂದ ಸೊಪ್ಪ ಅರದ ಕೊಟ್ಟಿದ್ಲ. ಹೆಸರ ಗೊತ್ತಿಲ್ಲ.”

“ಅಯ್ಯ ನಿಮ್ಮ! ಗ್ವಾಡಿಗೆ ಸುಣ್ಣ ಬಳ್ದಂಗ ಬಳಿತೀರಲ್ಲ! ಕುಡಸವಾ ಒಮ್ಮಿ, ನೋಡೂಣು.”

“ತಡೀರಿ ಬಾಯಾರ” ಎಂದು ಸೋನಾಬಾಯಿ ಎದ್ದು, ಬೋಗುಣಿಯಲ್ಲಿ ನೀರು, ಅಂಗೈಯಗಲದ ಅರಿವಿ ಸಬಕಾರದ ತುಂಡು ತಂದು ಸೊಸೆಯ ಮುಂದಿಟ್ಟಳು. ಸುಗಂಧಾ ಅದನ್ನು ಕಂಡೇ ಕಣ್ಣು ಮುಚ್ಚಿದಳು.

“ಇದ್ಯಾಕ?”

“ತೊಳ್ಯಾಕ. ಕುಡಸೂ ಮದ್ಲ ಪ್ರತಿ ಸಲ. ದಿನಕ್ಕ ಹತ್ತೋ ಹನ್ನೆರಡೋ ಆಗ್ತೈತಿ. ಒಮ್ಮಿನೂ ತಪ್ಪಿಲ್ಲರಿ.”

“ಯಾರ ಹೇಳಿದ್ರ ನಿಮಗ, ಅರಿವಿ ಒಗ್ಯೂ ಸಬಕಾರ ಹಚ್ರಿ ಅಂತ?”

ಸೋನಾಬಾಯಿ ಬೆರಗಾಗಿ ನೋಡಿದಳು. “ನೀವ ಹೇಳಿದ್ರಲ್ಲರಿ, ಕಟ್ಟಿ ಮ್ಯಾಲ ನಿಂತು!”

ಕುಸುಮಾಬಾಯಿ ಸಬಕಾರದ ತುಂಡನ್ನು ಕೈಗೆತ್ತಿಕೊಂಡಳು. ಸುಗ್ಗಿಯಲ್ಲಿ ದಿನವಿಡೀ ಕೈ ತೊಳೆದು ತನ್ನ ಬೆರಳ ಸಂದುಗಳೇ ಬಿರಿಯುತ್ತಿದ್ದವು. ಕೈಯ ಚರ್ಮವೇ ತಾಳದ್ದನ್ನು ಎದೆಯ ಚರ್ಮ ತಾಳೀತೇ? ಕೆಂಚವ್ವ ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಅವಳು ತಲೆ ಎತ್ತದೆ ಕೂಸಿನ ಕಾಲು ನೀವುತ್ತಲೇ ಇದ್ದಳು.

“ಅಜ್ಜಿ” ಎಂದಳು ಕುಸುಮಾಬಾಯಿ, “ಇಂಥಾದಕ್ಕ ನೀ ಏನ ಮಾಡ್ತಿದ್ದಿ?”

“ನಾ ಸಾಲಿ ಕಲ್ತಾಕಿ ಅಲ್ಲವಾ.”

“ಹೇಳಬೇ, ಸಾಕ ಮಾಡು. ಬಾಟ್ಲಿ ಬಂದ ಕುಂತೈತಿ ಮನ್ಯಾಗ.”

ಕೆಂಚವ್ವ ಎದ್ದು ಬಂದಳು. “ಆಕಿ ಹಾಲ ನಾಕ ಹನಿ ತೊಟ್ಟಿಗೇ ಸವರಿ ಗಾಳೀಗೆ ಆರಾಕ ಬಿಡೂದು. ಜಳಕದಾಗ ಬರೇ ನೀರು, ಮತ್ತೇನಿಲ್ಲ. ಇನ್ನ ಈ ಕಳ್ಳ, ತುದಿ ಅಷ್ಟ ಹಿಡದ ಚೀಪ್ತಾನ, ಅದೂ ತಪ್ಪ.”

ಆ ಕೊನೆಯ ಮಾತು ಕುಸುಮಾಬಾಯಿಗೂ ಗೊತ್ತಿತ್ತು. ಇಬ್ಬರೂ ಸೇರಿ ಕೂಸಿನ ಹೊಟ್ಟೆಯನ್ನು ತಾಯಿಯ ಹೊಟ್ಟೆಗೆ ತಾಗಿಸಿ ಹಿಡಿದರು. ಅದು ಆಕಳಿಸಿದಂತೆ ಬಾಯಿ ತೆರೆದಾಗ ತೊಟ್ಟಿನ ಸುತ್ತಲಿನ ಕಪ್ಪೂ ಒಳಗೆ ಹೋಗುವಂತೆ ಎದೆಗೆ ತಂದರು. ಸುಗಂಧಾ ಹೊರಸಿನ ಕಟ್ಟು ಹಿಡಿದು ಹಲ್ಲು ಕಚ್ಚಿದಳು. ಆಮೇಲೆ ಮೆಲ್ಲಗೆ ಕೈ ಸಡಿಲಿಸಿದಳು.

“ಉರಿ ಐತಿ. ಖರೆ, ಕತ್ತರಿ ಇಟ್ಟಂಗ ಇಲ್ಲರಿ.”

ನಾಲ್ಕನೆಯ ದಿನ ಹೋದಾಗ ಸೀಳು ಕೂಡುತ್ತ ಬಂದಿತ್ತು. ಬಾಟಲಿ ಗೋಡೆಯ ಮಾಡದಲ್ಲಿ, ಒಳಗೆ ಕೊಬ್ಬರಿ ಎಣ್ಣೆ ತುಂಬಿಸಿಕೊಂಡು ನಿಂತಿತ್ತು.

ಕುಸುಮಾಬಾಯಿ ಮತ್ತೆ ಕಟ್ಟೆ ಹತ್ತಿದಳು. “ಸಬಕಾರ ಕೈಗೆ ಅಷ್ಟ. ಎದಿಗೆ ಬ್ಯಾಡ. ನಾ ಹೇಳಿದ್ದ ತಪ್ಪಾಗಿತ್ತು.”

“ಆವಾಗ ತೊಳೀರಿ ಅಂದ್ರಿ, ಈಗ ಬ್ಯಾಡ ಅಂತೀರಿ. ನಾಳಿ ಏನಂತೀರೋ!” ಎಂದಳೊಬ್ಬಳು. ಉಳಿದವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆರು ವರ್ಷದಲ್ಲಿ ಊರು ಕೇಳಿದ್ದು ಒಂದೇ ಮಾತು, ಅದೂ ತಪ್ಪು ಮಾತು. ಈಗ ಅದನ್ನು ಬಿಡಲೊಲ್ಲದು.

ಕೊನೆಗೆ ಕೆಂಚವ್ವನನ್ನು ಕರೆದುಕೊಂಡು ಮನೆಮನೆಗೆ ಹೊರಟಳು. ಮುದುಕಿ ಹತ್ತು ಹೆಜ್ಜೆಗೊಮ್ಮೆ ಎಲೆಯಡಿಕೆಗೆ ನಿಲ್ಲುತ್ತಿದ್ದಳು. ಮೊದಲ ಮನೆಯ ಬಾಣಂತಿ, ಶೇವಂತಾ, ನರ್ಸಬಾಯಿಯನ್ನು ಕಂಡವಳೇ ಅಭಿಮಾನದಿಂದ ಒಳಗೋಡಿ ಬೋಗುಣಿ, ಸಬಕಾರ ತಂದು ತೋರಿಸಿದಳು.

ಕುಸುಮಾಬಾಯಿ ಹಣೆ ಚಚ್ಚಿಕೊಂಡಳು.

“ಹಿಂಗ್ಯಾಕ ಹೊಡಕೋತೀರಿ ಬಾಯಾರ” ಎಂದಳು ಕೆಂಚವ್ವ, ಹೊಸ್ತಿಲ ಮೇಲೆ ಆರಾಮಾಗಿ ಕೂರುತ್ತ. “ಇನ್ನೂ ಭಾಳ ಮನಿ ಅದಾವು.”