ಗರಗಸದ ಮಿಷನ್ನೂ ಚಾಚಾನೂ

ಚಾಚಾ ಬಲಗೈಯ ಕಿರುಬೆರಳಿನ ಉಗುರನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಎಣ್ಣೆ ಕುಡಿದು ಕಪ್ಪಾಗಿದ್ದ ಆ ಉದ್ದನೆಯ ಉಗುರಿನಿಂದಲೇ ಮರ ಕೊಯ್ಯುವ ಮಿಷನ್ನಿನ ಸಂದಿಯಲ್ಲಿ ಅಂಟಿದ ಹೊಟ್ಟನ್ನು ಕೆರೆದು ತೆಗೆಯುತ್ತಿದ್ದರು. ಚಳ್ಳಕೆರೆ ಪೇಟೆಯಲ್ಲಿ ಅವರದೊಂದು ತಗಡಿನ ರಿಪೇರಿ ಅಂಗಡಿ. ತೊಂಬತ್ತರ ದಶಕದ ಕೊನೆಯಲ್ಲಿ ಕೊಂಡ್ಲಹಳ್ಳಿ ಸುತ್ತಮುತ್ತ ಜಾಲಿ ಕೊಯ್ದು ಬದುಕುತ್ತಿದ್ದ ನಾನು ಆಗಾಗ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅಲ್ಲಿಗೆ ಬಸ್ಸು ಹತ್ತುತ್ತಿದ್ದೆ.

ಚಾಚಾನ ಬಾಯಿ ಬಲು ಜೋರು. "ಲೇ, ಉಂಡ ಮೇಲೆ ನೀನು ಬಾಯಿ ಮುಕ್ಕಳಿಸ್ತೀಯಲ್ಲ, ಇದಕ್ಕೇನು ಬಾಯಿಲ್ವಾ?" ಎಂದು ಹೊಟ್ಟು ಮೆತ್ತಿದ ಮಿಷನ್ನನ್ನು ತೋರಿಸಿ ಬೈಯುತ್ತಲೇ ನನಗೆ ಚಹಾ ತರಿಸುತ್ತಿದ್ದರು.

ಒಂದು ಆಯುಧಪೂಜೆಗೆ ಮನೆಯವರೆಲ್ಲ ಸೇರಿ ಮಿಷನ್ನಿಗೆ ಭಕ್ತಿಯಿಂದ ಅರಿಶಿನ ಕುಂಕುಮ ಸುರಿದೆವು. ಮರುದಿನ ಚಾಲೂ ಮಾಡುವ ಹಗ್ಗ ಎಳೆದೂ ಎಳೆದೂ ನನ್ನ ತೋಳು ಬಿದ್ದುಹೋಯಿತೇ ಹೊರತು ಅದು ಹೂಂ ಅನ್ನಲಿಲ್ಲ. ಚಾಚಾ ಮುಚ್ಚಳ ಬಿಚ್ಚಿದರೆ ಗಾಳಿ ಸೋಸುವ ಫಿಲ್ಟರಿನ ತುಂಬ ಕುಂಕುಮ! ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ನಕ್ಕುಬಿಟ್ಟರು.

"ಪೂಜೆ ಬ್ಯಾಡ ಅನ್ನಲ್ಲ ಬೇಟಾ. ಆದ್ರೆ ಇದು ಉಸಿರಾಡೋದು ಎಲ್ಲಿಂದ? ಮೂಗಿಗೊಂದು ಬಟ್ಟೆ ಕಟ್ಟಿ ಮಾಡ್ರಿ."

ಹಳೆಯ ಹಲ್ಲಿನ ಬ್ರಷ್ಷಿನಿಂದ ಎಲ್ಲವನ್ನೂ ಉಜ್ಜಿ ತೆಗೆದರು. ಹಿಡಿಯ ಮೇಲೆ ಅವ್ವ ಇಟ್ಟಿದ್ದ ಬೊಟ್ಟನ್ನು ಮಾತ್ರ ಮುಟ್ಟಲಿಲ್ಲ. ಮುಂದಿನ ವರ್ಷದಿಂದ ಹಬ್ಬಕ್ಕೆ ಮೊದಲು ಬಂದವರ ಮಿಷನ್ನಿಗೆಲ್ಲ ಅವರೇ ಬಟ್ಟೆ ಕಟ್ಟಿ ಕಳಿಸತೊಡಗಿದರು.

ಆಮೇಲೆ ಅವರ ಕಣ್ಣು ಮಂಜಾಯಿತು. ಗರಗಸದ ಚೈನಿನ ಹಲ್ಲು ಕಾಣುತ್ತಿಲ್ಲ, ಅಂಗಡಿ ಮುಚ್ಚುತ್ತೇನೆ ಎಂದರು.

"ಇನ್ನು ನಾನ್ ಯಾರತ್ರ ಹೋಗ್ಲಿ ಚಾಚಾ?"

"ಯಾರತ್ರಾನೂ ಬ್ಯಾಡ. ಕುಂತ್ಕೋ."

ಹಲ್ಲು ಚೂಪು ಮಾಡುವ ಗುಂಡನೆಯ ಅರವನ್ನು ನನ್ನ ಕೈಗಿಟ್ಟು, ಅದರ ಮೇಲೆ ತಮ್ಮ ಕೈಯಿಟ್ಟರು. "ಮುಂದಕ್ಕಷ್ಟೇ ಉಜ್ಜು. ವಾಪಸ್ ತರುವಾಗ ಎತ್ತಿಬಿಡು." ಕಣ್ಣಿಗೆ ಕಾಣದಿದ್ದರೂ ಸದ್ದಿನಲ್ಲೇ ನನ್ನ ತಪ್ಪು ಹಿಡಿಯುತ್ತಿದ್ದರು. ಸಂಜೆಯವರೆಗೂ ಏಳಗೊಡಲಿಲ್ಲ. ಹೊರಟಾಗ, "ಕೆಟ್ರೆ ಮನೀಗೆ ತಗೊಂಡ್ ಬಾ, ನೋಡಾನ" ಎಂದರು.

ಅದು ಕೆಡಲಿಲ್ಲ. ಕೆಲಸ ಮುಗಿದೊಡನೆ ಅವರು ಹೇಳಿಕೊಟ್ಟಂತೆ ಹೊಟ್ಟು ತೆಗೆದೆ, ಹಲ್ಲಿಗೆ ಅರ ಹಾಕಿದೆ, ಎಣ್ಣೆ ಬಿಟ್ಟೆ. ವರ್ಷ ಕಳೆದ ಮೇಲೆ ಮೊಳಕಾಲ್ಮೂರಿನಲ್ಲಿ ಸಿಕ್ಕ ಪರಿಚಯದವರೊಬ್ಬರು, ಚಾಚಾ ರಂಜಾನಿಗೆ ಮೊದಲೇ ತೀರಿಕೊಂಡರು ಎಂದು ತಿಳಿಸಿದರು.

ಅವರು ಅಷ್ಟು ಚೆನ್ನಾಗಿ ಕಲಿಸಬಾರದಿತ್ತು. ಹಾಳಾದ್ದು ಒಂದೇ ಒಂದು ಸಲ ಕೆಟ್ಟಿದ್ದರೆ, ನಾನು ಅವರ ಮನೆ ಬಾಗಿಲಿಗೆ ಹೋಗಿರುತ್ತಿದ್ದೆ.